‘ಎಂಬುದು’ ಇಲ್ಲದ ಭಾಷೆ: ಗೋಡೆಲ್‌ನ ಸಂಖ್ಯಾಸಂಕೇತ ಕ್ರಮದ ಒಂದು ವಿವೇಚನೆ

ಸಾಹಿತ್ಯ ಮೀಮಾಂಸೆಯಲ್ಲಿ ‘ಅನಿರ್ಣೇಯತೆ’ ಎಂಬ ಪರಿಕಲ್ಪನೆ ಬಳಕೆಗೆ ಬಂದ ದಾರಿಗಳಲ್ಲಿ ಗಣಿತೀಯ ತರ್ಕಶಾಸ್ತ್ರವೂ ಒಂದು. ಜೂಲಿಯಾ ಕ್ರಿಸ್ತೇವಾ 1969ರಲ್ಲಿ ಪ್ರಕಟಿಸಿದ ‘ಸೆಮಿಯೋಟಿಕೆ’ಯಲ್ಲಿಯೂ ಜಾಕ್ ಡೆರಿಡಾನ 1972ರ ‘ಡಿಸೆಮಿನೇಶನ್’ ಕೃತಿಯಲ್ಲಿಯೂ ಕುರ್ಟ್ ಗೋಡೆಲ್‌ನ ಹೆಸರು ಬರುತ್ತದೆ. ಹೀಗೆ ಸಾಹಿತ್ಯದ ಅಧ್ಯಯನಕಾರರನ್ನು ಮುಟ್ಟಿದ್ದು ಗೋಡೆಲ್‌ನ ನಿರ್ಣಯವೇ ಹೊರತು ಆ ನಿರ್ಣಯಕ್ಕೆ ಅವನು ತಲುಪಿದ ಬಗೆಯಲ್ಲ. ‘ಯಾವ ವ್ಯವಸ್ಥೆಯೂ ಪೂರ್ಣವಲ್ಲ’ ಎಂಬ ಸೂಕ್ತಿಯಂತೆ ಅದು ಉಳಿದುಬಿಟ್ಟಿದೆ. ಆ ಬಗೆಯಾದರೋ ಭಾಷೆಯ ಅಧ್ಯಯನಕ್ಕೆ ಬಹಳ ಹತ್ತಿರದ್ದು. ತರ್ಕದ ಪ್ರತಿಯೊಂದು ಸೂತ್ರಕ್ಕೂ ಒಂದೊಂದು ಸ್ವಾಭಾವಿಕ ಸಂಖ್ಯೆಯನ್ನು ಹೆಸರಾಗಿ ಕೊಡುವ ಕ್ರಮವದು. ‘ಗೋಡೆಲ್ ಸಂಖ್ಯೆ’ ಎಂದು ಇಂದು ಕರೆಯಲಾಗುವ ಈ ಕ್ರಮವನ್ನು ಕನ್ನಡದ ವ್ಯಾಕರಣ ಮತ್ತು ಛಂದಸ್ಸನ್ನು ಬಲ್ಲವರ ನೆಲೆಯಿಂದ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇಲ್ಲಿ ‘ಸೂತ್ರ’ ಎಂದರೆ ವ್ಯಾಕರಣ ಸೂತ್ರವಲ್ಲ, ತರ್ಕದ ಚಿಹ್ನೆಗಳಲ್ಲಿ ಬರೆದ ವಾಕ್ಯ. ‘ಸಾಧನೆ’ ಎಂಬ ಪದವನ್ನು ಗಣಿತ ಪಠ್ಯಗಳಲ್ಲಿರುವಂತೆ, ಒಂದು ಪ್ರಮೇಯವನ್ನು ಹಂತ ಹಂತವಾಗಿ ಸಿದ್ಧಪಡಿಸುವುದು ಎಂಬ ಅರ್ಥದಲ್ಲಿ ಬಳಸಲಾಗಿದೆ.

ಭಾಷೆ ತನ್ನನ್ನು ಕುರಿತು ಮಾತನಾಡುವುದು

ಕೇಶಿರಾಜನ ‘ಶಬ್ದಮಣಿದರ್ಪಣ’ ಕನ್ನಡವನ್ನು ಕುರಿತು ಕನ್ನಡದಲ್ಲಿಯೇ ಬರೆದ ವ್ಯಾಕರಣ. ಭಟ್ಟಾಕಳಂಕನ ‘ಕರ್ಣಾಟಕ ಶಬ್ದಾನುಶಾಸನ’ (1604) ಕನ್ನಡವನ್ನು ಕುರಿತು ಸಂಸ್ಕೃತದಲ್ಲಿ ಬರೆದದ್ದು. ಎರಡನೆಯ ನಾಗವರ್ಮನಲ್ಲಿ ಈ ಎರಡು ಬಗೆಗಳೂ ಇವೆ: ‘ಕಾವ್ಯಾವಲೋಕನ’ದ ಶಬ್ದಸ್ಮೃತಿ ಕನ್ನಡದಲ್ಲಿದ್ದರೆ ‘ಕರ್ಣಾಟಕ ಭಾಷಾಭೂಷಣ’ ಸಂಸ್ಕೃತದಲ್ಲಿದೆ. ತರ್ಕಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ, ವಿವರಿಸಲ್ಪಡುವ ಭಾಷೆ ವಿಷಯಭಾಷೆ, ವಿವರಿಸುವ ಭಾಷೆ ಅಧಿಭಾಷೆ. ಭಟ್ಟಾಕಳಂಕನಲ್ಲಿ ಇವೆರಡೂ ಬೇರೆ ಬೇರೆ, ಕೇಶಿರಾಜನಲ್ಲಿ ಎರಡೂ ಒಂದೇ. ಒಂದೇ ಭಾಷೆ ಎರಡು ಕೆಲಸಗಳನ್ನೂ ಮಾಡಬೇಕಾದರೆ ಅದರಲ್ಲಿ ಒಂದು ಸೌಕರ್ಯ ಇರಲೇಬೇಕು. ಪದವನ್ನು ಅದರ ಅರ್ಥಕ್ಕಾಗಿ ಬಳಸುವುದನ್ನೂ ಅದರ ರೂಪಕ್ಕಾಗಿ ಉಲ್ಲೇಖಿಸುವುದನ್ನೂ ಬೇರ್ಪಡಿಸುವ ಸೌಕರ್ಯವದು. ಪಾಣಿನಿಯ ಅಷ್ಟಾಧ್ಯಾಯಿಯ 1.1.68ನೆಯ ಸೂತ್ರ ಇದನ್ನೇ ವಿಧಿಸುತ್ತದೆ. ಪಾರಿಭಾಷಿಕ ಸಂಜ್ಞೆಗಳನ್ನು ಬಿಟ್ಟರೆ, ವ್ಯಾಕರಣದಲ್ಲಿ ಬರುವ ಶಬ್ದವು ತನ್ನ ಅರ್ಥವನ್ನಲ್ಲ, ತನ್ನ ರೂಪವನ್ನೇ ಸೂಚಿಸುತ್ತದೆ ಎಂಬುದು ಅದರ ತಾತ್ಪರ್ಯ.

ಕನ್ನಡದಲ್ಲಿ ಈ ಕೆಲಸವನ್ನು ‘ಎಂದು’, ‘ಎಂಬ’, ‘ಎಂಬುದು’ ಎಂಬ ರೂಪಗಳು ಮಾಡುತ್ತವೆ. ‘ಮರ ಎತ್ತರವಾಗಿದೆ’ ಎಂಬಲ್ಲಿ ಮರ ಒಂದು ವಸ್ತು. ‘ಮರ ಎಂಬುದು ಎರಡಕ್ಷರದ ಪದ’ ಎಂಬಲ್ಲಿ ಅದು ಪದ. ಉದ್ಧರಣ ಚಿಹ್ನೆಗಳು ಕನ್ನಡಕ್ಕೆ ಬರುವ ಮೊದಲೂ ಈ ವ್ಯತ್ಯಾಸ ಕನ್ನಡಿಗರಿಗೆ ತೊಡಕೆನಿಸಿರಲಿಲ್ಲ. ‘ಎನ್’ ಧಾತುವಿನಿಂದ ಬಂದ ಈ ರೂಪಗಳೇ ಅದನ್ನು ಮಾಡಿಕೊಡುತ್ತಿದ್ದವು.

ಇನ್ನು ಅಂಕಗಣಿತದ ಭಾಷೆಯನ್ನು ನೋಡಬಹುದು. ಅದರಲ್ಲಿ ಸಂಖ್ಯೆಗಳಿವೆ, ಕೂಡುವುದು ಮತ್ತು ಗುಣಿಸುವುದು ಇವೆ, ‘ಸಮ’, ‘ಅಲ್ಲ’, ‘ಅಥವಾ’, ‘ಎಲ್ಲ’ ಎಂಬ ತಾರ್ಕಿಕ ಪದಗಳಿವೆ. ‘ಎಂಬುದು’ ಮಾತ್ರ ಇಲ್ಲ. ಆ ಭಾಷೆಯಲ್ಲಿ ಸಂಖ್ಯೆಗಳನ್ನು ಕುರಿತು ಹೇಳಬಹುದೇ ಹೊರತು ವಾಕ್ಯಗಳನ್ನು ಕುರಿತು ಏನನ್ನೂ ಹೇಳಲಾಗದು. ‘ಈ ಸೂತ್ರಕ್ಕೆ ಸಾಧನೆಯಿದೆ’ ಎಂಬ ಮಾತನ್ನು ಅಂಕಗಣಿತದ ಹೊರಗೆ ನಿಂತವರು ಜರ್ಮನ್‌ನಲ್ಲಿಯೋ ಕನ್ನಡದಲ್ಲಿಯೋ ಹೇಳಬೇಕು. ಅಂಕಗಣಿತದ ಸ್ಥಿತಿ, ಭಟ್ಟಾಕಳಂಕನ ಗ್ರಂಥದಲ್ಲಿ ಕನ್ನಡಕ್ಕಿರುವ ಸ್ಥಿತಿ. ಅದಕ್ಕೆ ಕೇಶಿರಾಜನ ಸ್ಥಿತಿಯನ್ನು ಒದಗಿಸಿದ್ದು ಗೋಡೆಲ್‌ನ ಸಂಖ್ಯಾಸಂಕೇತ.

1930ರ ಹಿನ್ನೆಲೆ

1906ರಲ್ಲಿ ಆಗಿನ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ ಬ್ರುನ್ ನಗರದಲ್ಲಿ (ಇಂದಿನ ಬ್ರನೊ) ಹುಟ್ಟಿದ ಗೋಡೆಲ್, ವಿಯೆನ್ನಾ ವಿಶ್ವವಿದ್ಯಾಲಯದಲ್ಲಿ ಓದಿ 1929ರಲ್ಲಿ ಡಾಕ್ಟರೇಟ್ ಪ್ರಬಂಧವನ್ನು ಸಿದ್ಧಪಡಿಸಿದ. ಆ ಕಾಲದ ಗಣಿತದ ತಳಹದಿಯ ಚರ್ಚೆಯಲ್ಲಿ ಮುಖ್ಯವಾಗಿದ್ದುದು ಡೇವಿಡ್ ಹಿಲ್ಬರ್ಟ್‌ನ ಯೋಜನೆ. ಗಣಿತವನ್ನು ಅರ್ಥದ ಹಂಗಿಲ್ಲದ ಚಿಹ್ನೆಗಳ ವ್ಯವಸ್ಥೆಯಾಗಿ ಬರೆದುಕೊಳ್ಳಬೇಕು, ಆ ವ್ಯವಸ್ಥೆಯಲ್ಲಿ ವಿರೋಧ ಹುಟ್ಟುವುದಿಲ್ಲವೆಂಬುದನ್ನು ಸಂದೇಹಕ್ಕೆಡೆಯಿಲ್ಲದ ಸರಳ ವಿಧಾನಗಳಿಂದ ಸಾಧಿಸಬೇಕು ಎಂಬುದು ಅದರ ಆಶಯ. ವೈಟ್‌ಹೆಡ್ ಮತ್ತು ರಸೆಲ್ 1910ರಿಂದ 1913ರವರೆಗೆ ಮೂರು ಸಂಪುಟಗಳಲ್ಲಿ ಹೊರತಂದ ‘ಪ್ರಿನ್ಸಿಪಿಯಾ ಮ್ಯಾಥಮ್ಯಾಟಿಕಾ’ ಅಂತಹ ಚಿಹ್ನಾವ್ಯವಸ್ಥೆಗೆ ಮಾದರಿಯಾಗಿ ಆಗಲೇ ದೊರೆತಿತ್ತು. ಅಲ್ಲಿ ಸೂತ್ರವೆಂದರೆ ಚಿಹ್ನೆಗಳ ಒಂದು ಸಾಲು, ಸಾಧನೆಯೆಂದರೆ ಸೂತ್ರಗಳ ಒಂದು ಸಾಲು. ಸಾಧನೆಯ ಪ್ರತಿಯೊಂದು ಸೂತ್ರವೂ ಒಂದು ಸ್ವಯಂಸಿದ್ಧವಾಗಿರಬೇಕು, ಇಲ್ಲವೇ ಹಿಂದಿನ ಸೂತ್ರಗಳಿಂದ ನಿಯಮಾನುಸಾರ ಹೊರಟಿರಬೇಕು. ಒಂದು ಸಾಧನೆ ಸರಿಯೇ ಎಂದು ಪರೀಕ್ಷಿಸಲು ಅದರ ಅರ್ಥ ತಿಳಿಯಬೇಕಿಲ್ಲ. ಚಿಹ್ನೆಗಳನ್ನು ಗುರುತಿಸುವಷ್ಟು ತಾಳ್ಮೆಯಿದ್ದರೆ ಸಾಕು.

1930ರ ಸೆಪ್ಟೆಂಬರ್ 7ರಂದು ಕೋನಿಗ್ಸ್‌ಬರ್ಗ್ ನಗರದ ಒಂದು ಸಮ್ಮೇಳನದ ಚರ್ಚಾಗೋಷ್ಠಿಯಲ್ಲಿ ಇಪ್ಪತ್ನಾಲ್ಕು ವರ್ಷದ ಗೋಡೆಲ್ ತನ್ನ ಶೋಧವನ್ನು ಕೆಲವೇ ಮಾತುಗಳಲ್ಲಿ ಸೂಚಿಸಿದ. ಮರುದಿನ ಅದೇ ನಗರದಲ್ಲಿ ಹಿಲ್ಬರ್ಟ್, ಗಣಿತದಲ್ಲಿ ಅರಿಯಲಾಗದ್ದೆಂಬುದು ಇಲ್ಲವೆಂಬ ಭರವಸೆಯ ಭಾಷಣ ಮಾಡಿದ. ಗೋಡೆಲ್‌ನ ಮಾತಿನ ಮಹತ್ವವನ್ನು ಅಲ್ಲಿಯೇ ಗ್ರಹಿಸಿದವನು ಜಾನ್ ಫಾನ್ ನಾಯ್ಮನ್. ಪ್ರಬಂಧ 1931ರಲ್ಲಿ ಗಣಿತ ಮತ್ತು ಭೌತಶಾಸ್ತ್ರಕ್ಕೆ ಮೀಸಲಾದ ಜರ್ಮನ್ ಮಾಸಿಕವೊಂದರ 38ನೆಯ ಸಂಪುಟದಲ್ಲಿ ಪ್ರಕಟವಾಯಿತು. ಅದರ ವಿಸ್ತಾರ ಇಪ್ಪತ್ತಾರು ಪುಟಗಳು ಮಾತ್ರ.

ಸಂಖ್ಯೆಯನ್ನು ಕೊಡುವ ಬಗೆ

ಯಾವುದೇ ಸಂಖ್ಯೆಯನ್ನು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧವಾಗಿ ಒಂದೇ ಒಂದು ರೀತಿಯಲ್ಲಿ ಬಿಡಿಸಬಹುದು ಎಂಬುದು ಶಾಲೆಯಲ್ಲಿ ಕಲಿಸುವ ಅಂಕಗಣಿತದ ಮೂಲಪ್ರಮೇಯ. ಗೋಡೆಲ್‌ನ ಸಂಕೇತ ಕ್ರಮ ನಿಂತಿರುವುದು ಇದರ ಮೇಲೆ. ಅದನ್ನು ಮೊದಲು ಕನ್ನಡ ಅಕ್ಷರಗಳಲ್ಲಿಯೇ ಮಾಡಿ ನೋಡಬಹುದು. ರ, ಸ, ಕ ಎಂಬ ಮೂರೇ ಅಕ್ಷರಗಳಿರುವ ಒಂದು ಪುಟ್ಟ ಭಾಷೆಯನ್ನು ಕಲ್ಪಿಸಿಕೊಂಡು ರ-ಕಾರಕ್ಕೆ 1, ಸ-ಕಾರಕ್ಕೆ 2, ಕ-ಕಾರಕ್ಕೆ 3 ಎಂದು ಅಂಕಗಳನ್ನು ಕೊಡಲಾಗಿದೆಯೆಂದು ಇಟ್ಟುಕೊಳ್ಳೋಣ. ಪದದ ಮೊದಲ ಅಕ್ಷರದ ಅಂಕವನ್ನು 2ರ ಘಾತವಾಗಿ, ಎರಡನೆಯದನ್ನು 3ರ ಘಾತವಾಗಿ, ಮೂರನೆಯದನ್ನು 5ರ ಘಾತವಾಗಿ ಬರೆದು ಎಲ್ಲವನ್ನೂ ಗುಣಿಸಬೇಕು. ಆಗ ‘ರಸ’ ಎಂಬ ಪದದ ಸಂಖ್ಯೆ 2¹ × 3² = 18; ‘ಸರ’ ಎಂಬುದರ ಸಂಖ್ಯೆ 2² × 3¹ = 12. ಅಕ್ಷರಗಳು ಅವೇ ಆದರೂ ಕ್ರಮ ಬದಲಾದುದರಿಂದ ಸಂಖ್ಯೆಯೂ ಬದಲಾಯಿತು. ‘ಸರಸ’ ಎಂಬುದು 2² × 3¹ × 5² = 300.

ಹಿಂದಿರುಗುವ ದಾರಿಯೂ ಅಷ್ಟೇ ನಿಶ್ಚಿತ. 300 ಎಂಬ ಸಂಖ್ಯೆಯನ್ನಷ್ಟೇ ಕೈಗೆ ಕೊಟ್ಟರೆ, ಅದನ್ನು 2ರಿಂದ ಎರಡು ಸಲ, 3ರಿಂದ ಒಂದು ಸಲ, 5ರಿಂದ ಎರಡು ಸಲ ಭಾಗಿಸಬಹುದೆಂದು ಕಂಡುಕೊಂಡು ಸ, ರ, ಸ ಎಂದು ಓದಬಹುದು. 10 ಎಂಬ ಸಂಖ್ಯೆ ಮಾತ್ರ ಯಾವ ಪದವೂ ಅಲ್ಲ. ಅದರಲ್ಲಿ 2 ಮತ್ತು 5 ಇದ್ದು ನಡುವಣ 3 ಇಲ್ಲ, ಅಂದರೆ ಎರಡನೆಯ ಅಕ್ಷರದ ಜಾಗ ಬರಿದಾಗಿದೆ. 750 ಎಂಬುದನ್ನು ಬಿಡಿಸಿದರೆ ‘ರರಕ’ ಎಂದಾಗುತ್ತದೆ. ಅದು ಅಕ್ಷರಗಳ ಸಾಲು ಹೌದು, ಕನ್ನಡದ ಪದವಲ್ಲ. ಸಂಖ್ಯೆಯಾಗಿರುವುದು, ಚಿಹ್ನೆಗಳ ಸಾಲಿನ ಸಂಖ್ಯೆಯಾಗಿರುವುದು, ಸರಿಯಾಗಿ ರಚಿತವಾದ ಪದದ ಸಂಖ್ಯೆಯಾಗಿರುವುದು ಈ ಮೂರು ಬೇರೆ ಬೇರೆ ಸಂಗತಿಗಳು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

1931ರ ಪ್ರಬಂಧದಲ್ಲಿ ಗೋಡೆಲ್ ಆರಿಸಿಕೊಂಡ ಮೂಲಚಿಹ್ನೆಗಳು ಏಳೇ. ಸೊನ್ನೆಗೆ 1, ‘ನಂತರದ ಸಂಖ್ಯೆ’ ಎಂಬ ಚಿಹ್ನೆಗೆ 3, ‘ಅಲ್ಲ’ ಎಂಬುದಕ್ಕೆ 5, ‘ಅಥವಾ’ ಎಂಬುದಕ್ಕೆ 7, ‘ಎಲ್ಲ’ ಎಂಬುದಕ್ಕೆ 9, ಎಡ ಮತ್ತು ಬಲ ಆವರಣಗಳಿಗೆ 11 ಮತ್ತು 13. ಚರಾಕ್ಷರಗಳಿಗೆ 13ಕ್ಕಿಂತ ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನೂ ಅವುಗಳ ಘಾತಗಳನ್ನೂ ಅವನು ಮೀಸಲಿರಿಸಿದ. ‘ನಂತರದ’ ಎಂಬ ಚಿಹ್ನೆಯನ್ನು ಇಲ್ಲಿ ‘ಉ’ ಎಂದು ಬರೆದರೆ, ಆ ವ್ಯವಸ್ಥೆಯಲ್ಲಿ ಒಂದು ಎಂಬುದನ್ನು ‘ಉ0’ ಎಂದೂ ಎರಡನ್ನು ‘ಉಉ0’ ಎಂದೂ ಮೂರನ್ನು ‘ಉಉಉ0’ ಎಂದೂ ಬರೆಯಬೇಕಾಗುತ್ತದೆ. ಈಗ ‘ಉ0’ ಎಂಬ ಬರಹದ ಸಂಖ್ಯೆ 2³ × 3¹ = 24; ‘ಉಉ0’ ಎಂಬುದರದು 2³ × 3³ × 5¹ = 1080; ‘ಉಉಉ0’ ಎಂಬುದರದು 2³ × 3³ × 5³ × 7¹ = 1,89,000.

ಓದುಗರು ತುಸು ನಿಲ್ಲಬೇಕಾದ ಸ್ಥಳವಿದು. ಮೂರು ಎಂಬ ಸಂಖ್ಯೆ ಒಂದು. ಆ ಸಂಖ್ಯೆಯನ್ನು ಹೆಸರಿಸುವ ‘ಉಉಉ0’ ಎಂಬ ಬರಹ ಇನ್ನೊಂದು. ಆ ಬರಹವನ್ನು ಹೆಸರಿಸುವ 1,89,000 ಎಂಬ ಸಂಖ್ಯೆ ಮತ್ತೊಂದು. ‘ಮರ’ ಎಂಬ ಪದಕ್ಕೂ ಮರಕ್ಕೂ ಇರುವ ಅಂತರವನ್ನು ‘ಎಂಬ’ ಹೇಗೆ ಕಾಯುತ್ತದೆಯೋ ಹಾಗೆಯೇ ಇಲ್ಲಿ ಮೂರಕ್ಕೂ 1,89,000ಕ್ಕೂ ನಡುವಣ ಅಂತರ ಆ ಕೆಲಸವನ್ನು ಮಾಡುತ್ತದೆ. 1,89,000 ಎಂದರೆ, ಗಣಿತದ ಮಾತಿನಲ್ಲಿ, ‘ಮೂರು ಎಂಬುದು’.

ಅಂಕಗಳ ಆಯ್ಕೆಯಲ್ಲಿ ಯಾವ ಗೂಢತೆಯೂ ಇಲ್ಲ. ‘ಅಲ್ಲ’ ಎಂಬುದಕ್ಕೆ 5ರ ಬದಲು 7ನ್ನು ಕೊಡಬಹುದಿತ್ತು. ಘಾತಗಳ ಬದಲು ಬೇರೊಂದು ವಿಧಾನವನ್ನೇ ಅನುಸರಿಸಬಹುದಿತ್ತು. ಮುಂದಿನ ತರ್ಕಶಾಸ್ತ್ರಜ್ಞರು ಹಾಗೆ ಮಾಡಿಯೂ ಇದ್ದಾರೆ. ಸೂತ್ರದಿಂದ ಸಂಖ್ಯೆಗೆ, ಸಂಖ್ಯೆಯಿಂದ ಸೂತ್ರಕ್ಕೆ ಯಾಂತ್ರಿಕವಾಗಿ ಹೋಗಿಬರುವಂತಿರಬೇಕು, ಎರಡು ಸೂತ್ರಗಳಿಗೆ ಒಂದೇ ಸಂಖ್ಯೆ ಬರಬಾರದು ಎಂಬ ನಿರ್ಬಂಧಗಳಷ್ಟೇ ಮುಖ್ಯ. ಸಂಕೇತ ಯಾದೃಚ್ಛಿಕ, ಅದರಿಂದ ಹೊರಡುವ ಪ್ರಮೇಯ ಯಾದೃಚ್ಛಿಕವಲ್ಲ.

ವ್ಯಾಕರಣವು ಅಂಕಗಣಿತವಾಗುವುದು

ಹೆಸರಿಡುವುದರಿಂದಲೇ ಗೋಡೆಲ್‌ನ ಕೆಲಸ ಮುಗಿಯುವುದಿಲ್ಲ. ಹೆಸರಿಟ್ಟ ಮೇಲೆ ಸೂತ್ರಗಳ ರಚನೆಯನ್ನು ಕುರಿತ ಪ್ರತಿಯೊಂದು ಮಾತೂ ಸಂಖ್ಯೆಗಳ ಗುಣವನ್ನು ಕುರಿತ ಮಾತಾಗಿ ಮಾರ್ಪಡುತ್ತದೆ. ‘ಈ ಸೂತ್ರ ನಿಷೇಧದಿಂದ ಆರಂಭವಾಗುತ್ತದೆ’ ಎಂಬ ವ್ಯಾಕರಣದ ಮಾತನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ‘ಅಲ್ಲ’ ಎಂಬುದರ ಅಂಕ 5 ಆದುದರಿಂದ ಅಂತಹ ಸೂತ್ರದ ಸಂಖ್ಯೆಯಲ್ಲಿ 2ರ ಘಾತ ಸರಿಯಾಗಿ ಐದು ಇರಬೇಕು. ಅಂದರೆ ಅದು 32ರಿಂದ ನಿಶ್ಶೇಷವಾಗಿ ಭಾಗವಾಗಬೇಕು, 64ರಿಂದ ಆಗಬಾರದು. ನಿಷೇಧವಾಕ್ಯವೆಂಬ ವ್ಯಾಕರಣದ ವರ್ಗ ಹೀಗೆ ಭಾಗಾಕಾರದ ಲೆಕ್ಕವಾಯಿತು.

ಇದೇ ಬಗೆಯಲ್ಲಿ ಗೋಡೆಲ್ ‘ಚರಾಕ್ಷರವಾಗಿರುವುದು’, ‘ಸೂತ್ರವಾಗಿರುವುದು’, ‘ಸ್ವಯಂಸಿದ್ಧವಾಗಿರುವುದು’, ‘ಹಿಂದಿನೆರಡು ಸೂತ್ರಗಳಿಂದ ನೇರವಾಗಿ ಹೊರಡುವುದು’ ಎಂದು ಒಂದರ ಮೇಲೊಂದನ್ನು ಕಟ್ಟುತ್ತ ನಲವತ್ತೈದು ವ್ಯಾಖ್ಯೆಗಳನ್ನು ಕೊಡುತ್ತಾನೆ. ಸಂಜ್ಞೆಗಳನ್ನು ಮೊದಲು ಹೇಳಿ, ಮುಂದಿನದನ್ನು ಹಿಂದಿನದರ ಬಲದಿಂದ ಹೇಳುವ ಈ ಕ್ರಮ ಶಾಸ್ತ್ರಗ್ರಂಥಗಳನ್ನು ಓದಿದವರಿಗೆ ಪರಿಚಿತವೇ. ಪ್ರಬಂಧದ ಅತ್ಯಂತ ಶುಷ್ಕ ಪುಟಗಳೆಂದು ಪರಿಚಯಾತ್ಮಕ ಬರಹಗಳು ಇವನ್ನು ಹಾರಿಸಿಬಿಡುತ್ತವೆ. ನಿಜವಾದ ಶ್ರಮವಿರುವುದಾದರೋ ಇಲ್ಲಿಯೇ. ಸಾಧನೆಯೆಂಬುದು ಸೂತ್ರಗಳ ಸಾಲಾದುದರಿಂದ, ಆ ಸೂತ್ರಗಳ ಸಂಖ್ಯೆಗಳನ್ನೇ ಮತ್ತೆ 2, 3, 5, 7ರ ಘಾತಗಳಾಗಿ ಇರಿಸಿ ಇಡೀ ಸಾಧನೆಗೂ ಒಂದು ಸಂಖ್ಯೆಯನ್ನು ಕೊಡಬಹುದು. ನಲವತ್ತೈದನೆಯ ವ್ಯಾಖ್ಯೆ ‘ಈ ಸಂಖ್ಯೆಯ ಸಾಧನೆಯು ಆ ಸಂಖ್ಯೆಯ ಸೂತ್ರವನ್ನು ಸಾಧಿಸುತ್ತದೆ’ ಎಂಬ ಸಂಬಂಧ. ಎರಡು ಸಂಖ್ಯೆಗಳನ್ನು ಕೊಟ್ಟರೆ ಅವುಗಳ ನಡುವೆ ಈ ಸಂಬಂಧ ಇದೆಯೇ ಇಲ್ಲವೇ ಎಂಬುದನ್ನು ಲೆಕ್ಕ ಮಾಡಿ ಹೇಳಬಹುದು. ನಲವತ್ತಾರನೆಯದು ‘ಈ ಸೂತ್ರಕ್ಕೆ ಸಾಧನೆಯಿದೆ’ ಎಂಬುದು. ಹಿಂದಿನ ನಲವತ್ತೈದಕ್ಕೂ ಇದಕ್ಕೂ ಒಂದು ಭೇದವಿದೆ: ಇದರಲ್ಲಿ ‘ಯಾವುದಾದರೂ ಒಂದು ಸಾಧನೆ’ ಎಂದು ಎಲ್ಲೆಯಿಲ್ಲದೆ ಹುಡುಕಬೇಕಾಗುತ್ತದೆ. ಹುಡುಕಾಟ ಎಲ್ಲಿ ನಿಲ್ಲಬೇಕೆಂದು ಮೊದಲೇ ಹೇಳಲು ಬರುವುದಿಲ್ಲ. ಗೋಡೆಲ್ ಈ ಭೇದವನ್ನು ಸ್ಪಷ್ಟವಾಗಿಯೇ ಗುರುತಿಸಿದ್ದಾನೆ. ಮುಂದೆ ಬರುವ ಅಪೂರ್ಣತೆಯ ಬೇರು ಇಲ್ಲಿದೆ.

ಪ್ರಸ್ತಾರ, ಕಟಪಯಾದಿ, ಲೈಬ್ನಿಜ್

ರಚನೆಗೆ ಸಂಖ್ಯೆಯನ್ನು ಕೊಡುವುದು ಕನ್ನಡ ಛಂದಶ್ಶಾಸ್ತ್ರವನ್ನು ಓದಿದವರಿಗೆ ಹೊಸದಲ್ಲ. ಒಂದನೆಯ ನಾಗವರ್ಮನ ‘ಛಂದೋಂಬುಧಿ’ಯಲ್ಲಿ ನಿರೂಪಿತವಾದ ಷಟ್‌ಪ್ರತ್ಯಯಗಳಲ್ಲಿ ನಷ್ಟ ಮತ್ತು ಉದ್ದಿಷ್ಟ ಎಂಬೆರಡು ಇದಕ್ಕೇ ಸಂಬಂಧಿಸಿದವು. ಮೂರಕ್ಷರದ ಪ್ರಸ್ತಾರದಲ್ಲಿ ಮಗಣ ಮೊದಲನೆಯದು, ನಗಣ ಎಂಟನೆಯದು. ಲಘು-ಗುರು-ಲಘು ಆದ ಜಗಣ ಎಷ್ಟನೆಯದು ಎಂಬುದು ಉದ್ದಿಷ್ಟದ ಪ್ರಶ್ನೆ. ಅಕ್ಷರಗಳ ಮೇಲೆ 1, 2, 4 ಎಂದು ಬರೆದು ಲಘುಗಳ ಮೇಲಿನ 1 ಮತ್ತು 4ನ್ನು ಕೂಡಿಸಿ ಒಂದನ್ನು ಸೇರಿಸಿದರೆ 6 ಬರುತ್ತದೆ. ಆರನೆಯದು ಯಾವುದು ಎಂಬುದು ನಷ್ಟದ ಪ್ರಶ್ನೆ. 6 ಸಮ, ಆದುದರಿಂದ ಲಘು. ಅರ್ಧ ಮಾಡಿದರೆ 3, ವಿಷಮ, ಗುರು. ಒಂದು ಸೇರಿಸಿ ಅರ್ಧ ಮಾಡಿದರೆ 2, ಸಮ, ಲಘು. ಜಗಣ ಮರಳಿ ದೊರೆಯಿತು. ಅರ್ಥದ ಗೊಡವೆಯಿಲ್ಲದೆ ರೂಪದಿಂದ ಸಂಖ್ಯೆಗೆ, ಸಂಖ್ಯೆಯಿಂದ ರೂಪಕ್ಕೆ ಹೋಗಿಬರುವ ಈ ವಿಧಾನ ಗೋಡೆಲ್‌ನ ಕ್ರಮಕ್ಕೆ ನಿಜವಾಗಿಯೂ ಸಮೀಪದ್ದು.

ಸಾಮೀಪ್ಯವನ್ನು ಹೇಳಿದ ಮೇಲೆ ಅಂತರವನ್ನೂ ಹೇಳಬೇಕು. ಪ್ರಸ್ತಾರದ ಸಂಖ್ಯೆ ಒಂಟಿಯಾಗಿ ಸಾಲದು. ಆರು ಎಂದರೆ ಮೂರಕ್ಷರದಲ್ಲಿ ಲಘು-ಗುರು-ಲಘು, ನಾಲ್ಕಕ್ಷರದಲ್ಲಿ ಲಘು-ಗುರು-ಲಘು-ಗುರು. ಪಾದದ ಉದ್ದವನ್ನು ಬೇರೆಯಾಗಿ ತಿಳಿಸಬೇಕು. ಗೋಡೆಲ್ ಸಂಖ್ಯೆ ತನ್ನ ಉದ್ದವನ್ನು ತನ್ನೊಳಗೇ ಹೊತ್ತಿರುತ್ತದೆ. ಇದಕ್ಕಿಂತ ದೊಡ್ಡ ಅಂತರ ಇನ್ನೊಂದಿದೆ. ವೃತ್ತಗಳು ಸಂಖ್ಯೆಗಳನ್ನು ಕುರಿತು ಏನನ್ನೂ ಹೇಳುವುದಿಲ್ಲ. ಜಗಣ ಆರನ್ನು ಕುರಿತ ಹೇಳಿಕೆಯಲ್ಲ. ಅಂಕಗಣಿತದ ಸೂತ್ರಗಳಾದರೋ ಸಂಖ್ಯೆಗಳನ್ನು ಕುರಿತವೇ. ಆದುದರಿಂದ ಸೂತ್ರಗಳಿಗೆ ಸಂಖ್ಯೆಗಳು ಹೆಸರಾದಾಗ ಮಾತ್ರ ವೃತ್ತ ಮುಚ್ಚಿಕೊಳ್ಳುತ್ತದೆ. ನಷ್ಟೋದ್ದಿಷ್ಟಗಳಲ್ಲಿ ಗೋಡೆಲ್‌ನನ್ನು ಕಾಣುವ ಉತ್ಸಾಹಕ್ಕೆ ಇಲ್ಲಿ ಕಡಿವಾಣ ಬೇಕು.

ಕಟಪಯಾದಿಯದು ತಿರುಗುಮುರುಗು ದಾರಿ. ಮೇಚಕಲ್ಯಾಣಿ 65ನೆಯ ಮೇಳವೆಂದು ತಿಳಿಯಲು ಮ-ಕಾರದ 5 ಮತ್ತು ಚ-ಕಾರದ 6ನ್ನು ಬಲದಿಂದ ಓದಿದರೆ ಸಾಕು. 65 ಎಂಬುದರಿಂದ ಮೇಚಕಲ್ಯಾಣಿಯನ್ನು ಪಡೆಯಲು ಮಾತ್ರ ಸಾಧ್ಯವಿಲ್ಲ, ಏಕೆಂದರೆ ಒಂದೇ ಅಂಕಕ್ಕೆ ಹಲವು ಅಕ್ಷರಗಳಿವೆ. ಅದು ಸಂಖ್ಯೆಯನ್ನು ನೆನಪಿಡಲು ಪದ. ಇದು ಪದವನ್ನು ಹಿಡಿಯಲು ಸಂಖ್ಯೆ. 1953ರಲ್ಲಿ ಅಚ್ಚಾದ ‘ಸಿರಿಭೂವಲಯ’ವನ್ನು ಇಲ್ಲಿ ನೆನೆಯುವವರಿರಬಹುದು. ಅದರ ಕಾಲ ಮತ್ತು ವಸ್ತುವನ್ನು ಕುರಿತ ವಿವಾದ ಬೇರೆ. ಸಂಕೇತದ ದೃಷ್ಟಿಯಿಂದ ಮಾತ್ರ ನೋಡಿದರೆ, 1ರಿಂದ 64ರವರೆಗಿನ ಅಂಕಗಳನ್ನು ಅಕ್ಷರಗಳಿಗೆ ಬದಲಾಗಿ 27ಕ್ಕೆ 27ರ ಚೌಕಗಳಲ್ಲಿ ಇಟ್ಟಿರುವ ಅದರ ಕ್ರಮ ಅಕ್ಷರ ಪಲ್ಲಟ. ಅಲ್ಲಿ ಪಠ್ಯ ಅಂಕಗಳ ಸಾಲಾಗಿದೆಯೇ ಹೊರತು ಒಂದು ಸಂಖ್ಯೆಯಾಗಿಲ್ಲ. ಆ ಅಂಕಗಳ ಮೇಲೆ ಗಣಿತವೂ ನಡೆಯುವುದಿಲ್ಲ.

ಯುರೋಪಿನಲ್ಲಿ ಗೋಡೆಲ್‌ನ ಪೂರ್ವಸೂರಿಯೆಂದು ಹೆಸರಿಸಲಾಗುವವನು ಲೈಬ್ನಿಜ್. 1679ರ ಟಿಪ್ಪಣಿಗಳಲ್ಲಿ ಅವನು ಪರಿಕಲ್ಪನೆಗಳಿಗೆ ಸಂಖ್ಯೆಗಳನ್ನು ಕೊಡುತ್ತಾನೆ. ಪ್ರಾಣಿಗೆ 2, ವಿವೇಕಿಗೆ 3 ಎಂದಿಟ್ಟರೆ, ವಿವೇಕವುಳ್ಳ ಪ್ರಾಣಿಯಾದ ಮನುಷ್ಯನಿಗೆ 6. ‘ಮನುಷ್ಯ ಪ್ರಾಣಿ’ ಎಂಬ ವಾಕ್ಯ ಸತ್ಯ, ಏಕೆಂದರೆ 6ನ್ನು 2 ಭಾಗಿಸುತ್ತದೆ. ಇಬ್ಬರೂ ಅವಿಭಾಜ್ಯ ಸಂಖ್ಯೆಗಳನ್ನೇ ಬಳಸಿದರೂ ಅವರ ಉದ್ದೇಶಗಳು ಬೇರೆ. ಲೈಬ್ನಿಜ್ ಅರ್ಥವನ್ನು ಸಂಖ್ಯೆಯಾಗಿಸಲು ಹೊರಟ. ಯಾವ ಪರಿಕಲ್ಪನೆ ಇನ್ನು ಬಿಡಿಸಲಾಗದಷ್ಟು ಮೂಲಭೂತ ಎಂಬ ಪ್ರಶ್ನೆ ಅವನ ಯೋಜನೆಯ ತೊಡಕಾಗಿ ಉಳಿಯಿತು. ಗೋಡೆಲ್ ಅರ್ಥವನ್ನು ಮುಟ್ಟುವುದೇ ಇಲ್ಲ. ಅವನು ಬರಹವನ್ನು, ಚಿಹ್ನೆಗಳ ಪೂರ್ವಾಪರವನ್ನು ಮಾತ್ರ ಸಂಖ್ಯೆಯಾಗಿಸುತ್ತಾನೆ.

‘ಈ’ ಎನ್ನದೆ ತನ್ನನ್ನು ತೋರುವ ವಾಕ್ಯ

ಅಂಕಗಣಿತಕ್ಕೆ ‘ಎಂಬುದು’ ದೊರೆತ ಮೇಲೂ ‘ಈ ವಾಕ್ಯ’ ಎಂದು ಬೆರಳುಮಾಡುವ ಸರ್ವನಾಮ ಅದರಲ್ಲಿಲ್ಲ. ಸೂತ್ರವೊಂದು ತನ್ನ ಸಂಖ್ಯೆಯನ್ನು ತನ್ನೊಳಗೇ ಬರೆದುಕೊಳ್ಳುವಂತೆಯೂ ಇಲ್ಲ. ಬರೆದೊಡನೆ ಅದರ ಸಂಖ್ಯೆ ಇನ್ನೂ ದೊಡ್ಡದಾಗಿಬಿಡುತ್ತದೆ. ಗೋಡೆಲ್ ಕಂಡುಕೊಂಡ ಉಪಾಯ ತೋರಿಸುವುದರ ಬದಲು ರಚನಾವಿಧಾನವನ್ನು ವರ್ಣಿಸುವುದು. ಅಮೆರಿಕದ ತತ್ತ್ವಜ್ಞ ಕ್ವೈನ್ ಇದನ್ನು ಇಂಗ್ಲಿಷ್ ವಾಕ್ಯವೊಂದರ ಮೂಲಕ ವಿವರಿಸಿದ್ದಾನೆ. ಕನ್ನಡದ ವಾಕ್ಯರಚನೆಯಲ್ಲಿ, ‘ಎಂಬುದು’ ಉದ್ಧೃತದ ಬಳಿಕ ಬರುವುದರಿಂದ, ಅಂತಹ ವಾಕ್ಯವನ್ನು ಸಹಜವಾಗಿಯೇ ಕಟ್ಟಬಹುದು:

‘ಎಂಬುದನ್ನು ಉದ್ಧರಣ ಚಿಹ್ನೆಗಳೊಳಗೆ ಬರೆದು ಅದರ ಬಳಿಕ ಅದನ್ನೇ ಚಿಹ್ನೆಗಳಿಲ್ಲದೆ ಬರೆದರೆ ದೊರೆಯುವ ವಾಕ್ಯಕ್ಕೆ ಸಾಧನೆಯಿಲ್ಲ’ ಎಂಬುದನ್ನು ಉದ್ಧರಣ ಚಿಹ್ನೆಗಳೊಳಗೆ ಬರೆದು ಅದರ ಬಳಿಕ ಅದನ್ನೇ ಚಿಹ್ನೆಗಳಿಲ್ಲದೆ ಬರೆದರೆ ದೊರೆಯುವ ವಾಕ್ಯಕ್ಕೆ ಸಾಧನೆಯಿಲ್ಲ.

ಈ ವಾಕ್ಯ ಹೇಳಿದಂತೆ ಮಾಡಿ ನೋಡಿದರೆ ದೊರೆಯುವುದು ಇದೇ ವಾಕ್ಯ. ಇಲ್ಲಿ ‘ಈ’ ಎಂಬುದಿಲ್ಲ, ‘ನಾನು’ ಎಂಬುದಿಲ್ಲ. ಗೋಡೆಲ್‌ನ ರಚನೆಯೂ ಇದೇ ಬಗೆಯದು. ಒಂದು ಖಾಲಿ ಸ್ಥಾನವುಳ್ಳ ಸೂತ್ರವನ್ನು ಅವನು ಕಟ್ಟುತ್ತಾನೆ: ‘— ಎಂಬ ಸಂಖ್ಯೆಯ ಸೂತ್ರದ ಖಾಲಿ ಸ್ಥಾನದಲ್ಲಿ ಆ ಸಂಖ್ಯೆಯನ್ನೇ ತುಂಬಿದರೆ ದೊರೆಯುವ ಸೂತ್ರಕ್ಕೆ ಸಾಧನೆಯಿಲ್ಲ’. ಸೂತ್ರದಲ್ಲಿ ಸಂಖ್ಯೆಯನ್ನು ತುಂಬುವ ಕ್ರಿಯೆಯೂ ಮೇಲಿನ ನಲವತ್ತೈದು ವ್ಯಾಖ್ಯೆಗಳೊಳಗೆ ಲೆಕ್ಕವಾಗಿ ಸಿದ್ಧವಾಗಿದೆ. ಈ ಸೂತ್ರಕ್ಕೂ ಒಂದು ಗೋಡೆಲ್ ಸಂಖ್ಯೆಯಿದೆ. ಆ ಸಂಖ್ಯೆಯನ್ನು ಖಾಲಿ ಸ್ಥಾನದಲ್ಲಿ ತುಂಬಿದಾಗ ದೊರೆಯುವ ಸೂತ್ರವನ್ನು ‘ಗ’ ಎಂದು ಕರೆಯಬಹುದು. ಹೊರನೋಟಕ್ಕೆ ಗ ಒಂದು ಅಂಕಗಣಿತದ ಹೇಳಿಕೆ ಮಾತ್ರ: ಇಂಥ ಲೆಕ್ಕದ ಸಂಬಂಧವುಳ್ಳ ಸಂಖ್ಯೆ ಯಾವುದೂ ಇಲ್ಲ ಎಂದಷ್ಟೇ ಅದು ಹೇಳುತ್ತದೆ. ಸಂಕೇತವನ್ನು ಬಲ್ಲವರು ಅದನ್ನು ‘ಗ ಎಂಬುದಕ್ಕೆ ಸಾಧನೆಯಿಲ್ಲ’ ಎಂದು ಓದುತ್ತಾರೆ. ಶ್ಲೇಷೆಯೆನ್ನಲು ಮನಸ್ಸಾದರೂ ಇದು ಶ್ಲೇಷೆಯಲ್ಲ. ಶ್ಲೇಷೆಯಲ್ಲಿ ಎರಡು ಅರ್ಥಗಳು ಒಂದರಿಂದೊಂದು ಸ್ವತಂತ್ರ. ಇಲ್ಲಿ ಒಂದು ಸತ್ಯವಾದರೆ ಇನ್ನೊಂದು ಸತ್ಯವಾಗಲೇಬೇಕು.

ವ್ಯವಸ್ಥೆ ಗ-ವನ್ನು ಸಾಧಿಸಿತೆನ್ನೋಣ. ಆಗ ಆ ಸಾಧನೆಗೂ ಒಂದು ಸಂಖ್ಯೆಯಿರುತ್ತದೆ. ಅದು ಸಾಧನೆಯೆಂಬುದನ್ನು ವ್ಯವಸ್ಥೆಯೊಳಗೇ ಲೆಕ್ಕ ಮಾಡಿ ತೋರಿಸಬಹುದು, ಗ ಅದನ್ನೇ ಅಲ್ಲಗಳೆಯುತ್ತದೆ, ವ್ಯವಸ್ಥೆ ವಿರೋಧಗ್ರಸ್ತವಾಗುತ್ತದೆ. ವ್ಯವಸ್ಥೆ ಅವಿರುದ್ಧವಾಗಿದ್ದರೆ ಗ-ಕ್ಕೆ ಸಾಧನೆಯಿಲ್ಲ. ಗ ಹೇಳುವುದೂ ಅಷ್ಟನ್ನೇ ಆದುದರಿಂದ ಅದು ಸತ್ಯ. ಗ-ದ ನಿಷೇಧಕ್ಕೂ ಸಾಧನೆಯಿಲ್ಲವೆಂದು ತೋರಿಸಲು ಗೋಡೆಲ್‌ಗೆ ಅವಿರೋಧಕ್ಕಿಂತ ತುಸು ಬಿಗಿಯಾದ ಷರತ್ತು ಬೇಕಾಗಿತ್ತು. ಬಾರ್ಕ್ಲಿ ರಾಸರ್ 1936ರಲ್ಲಿ ಸೂತ್ರವನ್ನು ಬದಲಿಸಿ, ಅವಿರೋಧವೊಂದೇ ಸಾಕೆಂದು ತೋರಿಸಿದ. ಇದೇ ವಾದವನ್ನು ವ್ಯವಸ್ಥೆಯೊಳಗೇ ಸಂಕೇತಿಸಿದಾಗ, ಅಂತಹ ವ್ಯವಸ್ಥೆ ತನ್ನ ಅವಿರೋಧವನ್ನು ತಾನೇ ಸಾಧಿಸಲಾರದು ಎಂಬ ಎರಡನೆಯ ಪ್ರಮೇಯ ದೊರೆಯುತ್ತದೆ. ಹಿಲ್ಬರ್ಟ್‌ನ ಯೋಜನೆ ಅದರ ಮೂಲರೂಪದಲ್ಲಿ ಇಲ್ಲಿಗೆ ನಿಂತಿತು.

ಪ್ರಮೇಯ ಹೇಳುವುದು ಮತ್ತು ಹೇಳದಿರುವುದು

ಈ ನಿರ್ಣಯವನ್ನು ಸಾಹಿತ್ಯದ ಚರ್ಚೆಗೆ ತರುವಾಗ ಅದರ ಷರತ್ತುಗಳನ್ನು ಬಿಟ್ಟು ತರಲಾಗದು. ಪ್ರಮೇಯ ಅನ್ವಯಿಸುವುದು ತನ್ನ ಸೂತ್ರಗಳ ಸಂಖ್ಯಾಸಂಕೇತವನ್ನು ತನ್ನೊಳಗೇ ನಿರ್ವಹಿಸಬಲ್ಲಷ್ಟು ಅಂಕಗಣಿತವುಳ್ಳ, ಸ್ವಯಂಸಿದ್ಧಗಳು ಯಾವುವೆಂದು ಯಾಂತ್ರಿಕವಾಗಿ ಗುರುತಿಸಬಹುದಾದ, ಅವಿರುದ್ಧ ವ್ಯವಸ್ಥೆಗಳಿಗೆ. ಎಲ್ಲ ವ್ಯವಸ್ಥೆಗಳೂ ಅಂಥವಲ್ಲ. ಗುಣಾಕಾರವನ್ನು ಬಿಟ್ಟು ಸಂಕಲನವನ್ನು ಮಾತ್ರ ಇಟ್ಟುಕೊಂಡ ಅಂಕಗಣಿತ ಪೂರ್ಣವೆಂದು ಪ್ರೆಸ್‌ಬರ್ಗರ್ 1929ರಲ್ಲಿಯೇ ತೋರಿಸಿದ್ದ. ಗುಣಾಕಾರವಿಲ್ಲದಿದ್ದರೆ ಘಾತಗಳ ಸಂಕೇತವನ್ನು ಒಳಗೆ ನಡೆಸಲಾಗದು. ‘ಎಂಬುದು’ ಇಲ್ಲದ ಭಾಷೆ ಅಪೂರ್ಣತೆಯಿಂದಲೂ ಪಾರಾಗುತ್ತದೆ. ‘ಯಾವ ವ್ಯವಸ್ಥೆಯೂ ಪೂರ್ಣವಲ್ಲ’ ಎಂಬ ಸೂಕ್ತಿ ಇಲ್ಲಿಗೇ ಬಿದ್ದುಹೋಗುತ್ತದೆ. ಸಮಾಜವೊಂದು ತನ್ನೊಳಗಿನ ಘಟಕಗಳಿಂದಲೇ ತನ್ನನ್ನು ಮುಚ್ಚಿಕೊಳ್ಳಲಾರದು ಎಂಬ ಮಾತಿಗೆ ರೆಜಿಸ್ ದೆಬ್ರೆ ಗೋಡೆಲ್‌ನನ್ನು ಆಧಾರವಾಗಿ ಕರೆತಂದುದನ್ನು ಸೋಕಲ್ ಮತ್ತು ಬ್ರಿಕ್‌ಮಾಂಟ್ 1997ರ ತಮ್ಮ ಗ್ರಂಥದಲ್ಲಿ ಟೀಕಿಸಿದ್ದಾರೆ. ಕ್ರಿಸ್ತೇವಾಳ ಬಳಕೆಯೂ ಅವರ ಟೀಕೆಗೆ ಗುರಿಯಾಗಿದೆ. ಅವರ ಧಾಟಿ ಕೆಲವೆಡೆ ಒರಟಾದರೂ ಈ ವಿಷಯದಲ್ಲಿ ಟೀಕೆ ಸರಿಯಾದದ್ದೇ. ಸಮಾಜಕ್ಕೆ ಸ್ವಯಂಸಿದ್ಧಗಳ ಪಟ್ಟಿಯೂ ಇಲ್ಲ, ಸಾಧನೆಯ ನಿಯಮಗಳೂ ಇಲ್ಲ.

ಡೆರಿಡಾನ ಬಳಕೆಯನ್ನು ಇದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಾಗದು. ಅವನು ಗೋಡೆಲ್‌ನ ಅನಿರ್ಣೇಯ ಸೂತ್ರವನ್ನು ಬಹುಮಟ್ಟಿಗೆ ಸರಿಯಾಗಿಯೇ ವಿವರಿಸಿ, ತನ್ನದು ಸಾದೃಶ್ಯವೆಂದು ಹೇಳಿಯೇ ಮುಂದುವರಿಯುತ್ತಾನೆ. ಪದವೊಂದರ ಅರ್ಥಸಮೃದ್ಧಿಯಲ್ಲಲ್ಲ, ವಾಕ್ಯವಿನ್ಯಾಸದಲ್ಲಿ ಅನಿರ್ಣೇಯತೆ ಇದೆ ಎಂದು ಅವನು ಒತ್ತಿ ಹೇಳುತ್ತಾನೆ. ಸಂಖ್ಯಾಸಂಕೇತ ಅರ್ಥವನ್ನು ಬಿಟ್ಟು ಚಿಹ್ನೆಗಳ ಪೂರ್ವಾಪರವನ್ನು ಹಿಡಿಯುವುದನ್ನು ನೆನೆದರೆ ಈ ಒತ್ತು ಸಾರ್ಥಕವೇ. ಕನ್ನಡದಲ್ಲಿ ‘ಅನಿರ್ಣೇಯತೆ’ಯನ್ನು ‘ಬಹ್ವರ್ಥತೆ’ಯ ಪರ್ಯಾಯವಾಗಿ ಬಳಸುವುದು ಗೋಡೆಲ್‌ನಿಗೂ ಡೆರಿಡಾನಿಗೂ ಸಲ್ಲದ ಬಳಕೆ. ಗ ಎಂಬ ಸೂತ್ರದಲ್ಲಿ ಬಹ್ವರ್ಥತೆ ಲವಲೇಶವೂ ಇಲ್ಲ. ಪರಿಭಾಷೆಯ ಇನ್ನೊಂದು ತೊಡಕನ್ನೂ ಇಲ್ಲಿಯೇ ಹೇಳಬಹುದು. ಚರ್ಚ್ ಮತ್ತು ಟ್ಯೂರಿಂಗ್ 1936ರಲ್ಲಿ ಕಂಡುಕೊಂಡದ್ದು ಬೇರೊಂದು ಅನಿರ್ಣೇಯತೆ. ಯಾವುದೋ ಒಂದು ಸೂತ್ರಕ್ಕೆ ಸಾಧನೆಯಿಲ್ಲವೆಂಬುದಲ್ಲ, ಯಾವ ಸೂತ್ರ ಕೊಟ್ಟರೂ ಉತ್ತರ ಹೇಳುವ ಒಂದೇ ಯಾಂತ್ರಿಕ ವಿಧಾನವಿಲ್ಲವೆಂಬುದು ಅವರ ನಿರ್ಣಯ. ಎರಡಕ್ಕೂ ಒಂದೇ ಪದ ಸಲ್ಲುತ್ತಿರುವುದು ಗೊಂದಲಕ್ಕೆ ಎಡೆಮಾಡಿಕೊಟ್ಟಿದೆ. ಮೊದಲನೆಯದನ್ನು ‘ಅಸಾಧಿತತೆ’ ಎಂದು ಕರೆದು ‘ಅನಿರ್ಣೇಯತೆ’ಯನ್ನು ಎರಡನೆಯದಕ್ಕೆ ಉಳಿಸಿಕೊಳ್ಳುವುದು ಒಳ್ಳೆಯದು.

ಗ ಎಂಬ ಸೂತ್ರವನ್ನು ‘ಈ ವಾಕ್ಯ ಸುಳ್ಳು’ ಎಂಬ ಹಳೆಯ ವಿರೋಧಾಭಾಸದೊಡನೆ ಸಮೀಕರಿಸುವ ರೂಢಿಯೂ ಇದೆ. ಗೋಡೆಲ್ ತಾನೇ ಆ ಸಾದೃಶ್ಯವನ್ನು ಪ್ರಬಂಧದ ಮುನ್ನುಡಿಯಲ್ಲಿ ಸೂಚಿಸಿದ್ದಾನೆ. ಆದರೆ ಅವನು ‘ಸುಳ್ಳು’ ಇದ್ದಲ್ಲಿ ‘ಸಾಧನೆಯಿಲ್ಲ’ ಎಂದು ಇಟ್ಟಿರುವುದೇ ವಿರೋಧವನ್ನು ಪ್ರಮೇಯವಾಗಿಸಿತು. ‘ಸಾಧನೆಯಿದೆ’ ಎಂಬುದನ್ನು ಅಂಕಗಣಿತದ ಭಾಷೆಯಲ್ಲಿ ಸೂತ್ರವಾಗಿ ಬರೆಯಬಹುದು. ‘ಸತ್ಯ’ ಎಂಬುದನ್ನು ಯಾವ ಸಂಕೇತದಿಂದಲೂ ಆ ಭಾಷೆಯೊಳಗೆ ಬರೆಯಲು ಸಾಧ್ಯವಿಲ್ಲವೆಂದು ಆಲ್ಫ್ರೆಡ್ ಟಾರ್ಸ್ಕಿ 1933ರಲ್ಲಿ ಪೋಲಿಷ್ ಭಾಷೆಯಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸಾಧಿಸಿದ. ಬರೆಯಬಹುದಾಗಿದ್ದರೆ ಮೇಲಿನ ಉಪಾಯದಿಂದಲೇ ‘ಗ ಎಂಬುದು ಸುಳ್ಳು’ ಎಂಬ ಸೂತ್ರ ಹುಟ್ಟಿ ಅಂಕಗಣಿತ ಕುಸಿಯುತ್ತಿತ್ತು. ಕನ್ನಡದಲ್ಲಿ ‘ಎಂಬುದು’ ಇದೆ, ‘ಸುಳ್ಳು’ ಎಂಬುದೂ ಇದೆ. ಆದುದರಿಂದಲೇ ‘ಈ ವಾಕ್ಯ ಸುಳ್ಳು’ ಎಂದು ಕನ್ನಡದಲ್ಲಿ ಬರೆಯಬಹುದು. ಬರೆದು, ಅದು ನಿಜವೋ ಸುಳ್ಳೋ ಎಂದು ತಡವರಿಸಬಹುದು. ಅಂಕಗಣಿತಕ್ಕೆ ಗೋಡೆಲ್ ಕೊಟ್ಟದ್ದು ಮೊದಲನೆಯದನ್ನು ಮಾತ್ರ.